ಕ್ಯಾಲೆಂಡರಿನ ಖಾಲಿ ಮನೆಗಳು

ಮುಳ್ಳೂರಿನ ಮನೆಯೊಂದರ ಪಡಸಾಲೆಯ ಕ್ಯಾಲೆಂಡರಿನಲ್ಲಿ ತಾರೀಖು ತಾರೀಖಿನ ಕೆಳಗೂ ಪೆನ್ಸಿಲಿನ ಅಂಕಿಗಳು. 40, 55, 60. ಹಾಲಿನ ಲೆಕ್ಕವಲ್ಲ, ಮನೆಯ ಹುಡುಗ ಬೆಳಗಿನ ಜಾವ ಸೈಕಲ್ ತುಳಿದ ಕಿಲೋಮೀಟರುಗಳು. ಈ ವಾರದ ಮನೆಗಳೆಲ್ಲ ಖಾಲಿ. ಬಲಮಂಡಿಗೆ ಪಟ್ಟಿ ಸುತ್ತಿಕೊಂಡು ಜಗಲಿಯ ಮೇಲೆ ಕೂತಿದ್ದ. "ಇಷ್ಟು ದಿನ ತುಳ್ದಿದ್ದೆಲ್ಲ ದಂಡ ಆಯ್ತು ಮೇಷ್ಟ್ರೇ" ಅಂದ.

ಅವನಿಗೆ ಪಂದ್ಯದ ಸಾಲಿನಲ್ಲಿ ನಿಲ್ಲುವ ಆಸೆ. ಸೈಕಲ್ ಪಂದ್ಯ ಅಂದರೆ ವಿಜಯಪುರ, ಬಾಗಲಕೋಟೆ ಸೀಮೆ. ಅಲ್ಲಿ ಜಾತ್ರೆಗೂ ಸೈಕಲ್ ಓಟ ಇಡುತ್ತಾರೆ, ಎಳೆಯ ಮಕ್ಕಳು ಕ್ರೀಡಾ ಹಾಸ್ಟೆಲ್ ಸೇರಿ ಪಳಗುತ್ತಾರೆ. ಇವನದು ಮೊದಲು ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲು, 2006ರಲ್ಲಿ ಶುರುವಾದ ಉಚಿತ ಸೈಕಲ್ ಯೋಜನೆಯದು. ಈಗ ದುಡಿದ ದುಡ್ಡಿನಲ್ಲಿ ಹಳೆಯ ಗೇರ್ ಸೈಕಲ್ಲೊಂದನ್ನು ಮೈಸೂರಿನಿಂದ ತಂದಿದ್ದಾನೆ. ತಡವಾಯಿತೇನೋ ಎಂಬ ಅಳುಕು ಬೇರೆ.

ತಡವೇನೂ ಇಲ್ಲ. ಬೆಂಗಳೂರಿನ ನವೀನ್ ಜಾನ್ ಪಂದ್ಯದ ಸೈಕಲ್ ಹಿಡಿದದ್ದು ಅಮೆರಿಕದಲ್ಲಿ ಎಂಜಿನಿಯರಿಂಗ್ ಓದುವಾಗ. 2014ರಲ್ಲಿ ಟೈಮ್ ಟ್ರಯಲ್‌ನ ರಾಷ್ಟ್ರೀಯ ಚಾಂಪಿಯನ್ ಆದರು, 2016ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಶಿಪ್‌ಗೂ ಹೋದರು. ಟೈಮ್ ಟ್ರಯಲ್‌ನಲ್ಲಿ ಒಬ್ಬೊಬ್ಬರೇ ಗಡಿಯಾರಕ್ಕೆ ಎದುರಾಗಿ ತುಳಿಯಬೇಕು. ಮುಂದಿನವನ ಬೆನ್ನಿಗಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಜೊತೆಗಾರರಿಲ್ಲದೆ ಹನೂರಿನ ದಾರಿಯಲ್ಲಿ ಬೆವರು ಹರಿಸುವವನಿಗೆ ಹೇಳಿ ಮಾಡಿಸಿದ ಪಂದ್ಯ ಅಂತ ನನಗನ್ನಿಸುತ್ತದೆ.

ಮಂಡಿ ಕೆಟ್ಟದ್ದು ಮಾದಪ್ಪನ ಬೆಟ್ಟ ಹತ್ತಲು ಹೋಗಿ. ಕೊಳ್ಳೇಗಾಲದಿಂದ ಸುಮಾರು 80 ಕಿಲೋಮೀಟರ್. ಕೌದಳ್ಳಿ ದಾಟಿ ತಾಳಬೆಟ್ಟ ಬಂತೆಂದರೆ ಏರೋ ಏರು. ದಮ್ಮು ಬೇಗ ಪಳಗುತ್ತದೆ, ತೊಡೆಯ ಮಾಂಸಖಂಡವೂ ಪಳಗುತ್ತದೆ. ಮಂಡಿಚಿಪ್ಪನ್ನು ಹಿಡಿದಿರುವ ನಾರು ಮಾತ್ರ ನಿಧಾನ. ಎದೆ ಒಪ್ಪಿತೆಂದು ಭಾರದ ಗೇರಿನಲ್ಲಿ ಒತ್ತಿ ತುಳಿದರೆ, ಮೇಲೆ ಸೀಟೂ ತಗ್ಗಿದ್ದರೆ, ಪೆಟ್ಟು ಅಲ್ಲಿಗೇ.

ನಾನು ಹೋದ ದಿನ ಅವರ ಹುಳುಮನೆಯಲ್ಲಿ ರೇಷ್ಮೆಹುಳು ಮೂರನೇ ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತಿತ್ತು. ಹಗಲಿರುಳು ಸೊಪ್ಪು ಮೇಯುತ್ತಿದ್ದ ಹುಳು ತಲೆ ಎತ್ತಿಕೊಂಡು, ಅಲ್ಲಾಡದೆ, ಬಾಯಿ ಮುಚ್ಚಿ ಕೂತಿದೆ. ಒಳಗೆ ಹೊಸ ಚರ್ಮ ಬರುತ್ತಿದೆ. ಗೂಡು ಕಟ್ಟುವುದರೊಳಗೆ ಹೀಗೆ ನಾಲ್ಕು ಸಲ. ಅವನ ಅವ್ವ ಸೊಪ್ಪು ನಿಲ್ಲಿಸಿ, ತಟ್ಟೆಗಳ ಮೇಲೆ ತೆಳುವಾಗಿ ಸುಣ್ಣದ ಪುಡಿ ಉದುರಿಸಿದ್ದರು. ಅವಸರಪಟ್ಟು, ಎಲ್ಲ ಹುಳು ಏಳುವ ಮುಂಚೆಯೇ ಸೊಪ್ಪು ಹಾಕಿದರೆ ಬೆಳೆ ಏರುಪೇರಾಗುತ್ತದೆ. ಇದನ್ನು ನನಗೆ ಬಿಡಿಸಿ ಹೇಳಿದವನು ಅದೇ ಹುಡುಗ. ಹುಳುವಿಗೆ ಅಷ್ಟು ಪ್ರೀತಿಯಿಂದ ಕೊಡುವ ಬಿಡುವನ್ನು ತನ್ನ ಮಂಡಿಗೆ ಕೊಡಲು ಅವನಿಗೇಕೆ ಇಷ್ಟು ಸಂಕಟ?

ದಣಿದ ಮಾಂಸಖಂಡ ರಿಪೇರಿಯಾಗುವುದು ತುಳಿಯುವಾಗಲ್ಲ, ತುಳಿದು ಮಲಗಿದ ಮೇಲೆ. ಒಂದು ವಾರ ಸುಮ್ಮನಿದ್ದರೆ ಗಳಿಸಿದ ದಮ್ಮು ಹೆಚ್ಚೇನೂ ಇಳಿಯುವುದಿಲ್ಲ. ಇದನ್ನೆಲ್ಲ ಹೇಳಿದೆ. ತಲೆಯಾಡಿಸಿದ, ಒಪ್ಪಿದ ಹಾಗೆ ಕಾಣಲಿಲ್ಲ. ಇಪ್ಪತ್ತರ ಆಚೀಚಿನ ವಯಸ್ಸಿನಲ್ಲಿ ಒಪ್ಪುವುದು ಕಷ್ಟವೇ. ಆದರೂ ಆ ಖಾಲಿ ಮನೆಗಳೂ ಅಭ್ಯಾಸದ ಲೆಕ್ಕಕ್ಕೇ ಸೇರಿದವು ಎಂದು ನನಗೆ ತೋರುತ್ತದೆ.

ಬರುವ ವಾರ ಸೀಟು ಎತ್ತರಿಸಿಕೊಂಡು, ಹಗುರ ಗೇರಿನಲ್ಲಿ, ಸಮತಟ್ಟು ದಾರಿಯಲ್ಲಷ್ಟೇ ಹೊರಡುತ್ತಾನಂತೆ. ಕೊಳ್ಳೇಗಾಲ–ಹನೂರು ರಸ್ತೆಯಲ್ಲಿ ಬೆಳಗ್ಗೆ ಬಸ್ಸು, ಲಾರಿ, ಟ್ರ್ಯಾಕ್ಟರ್ ಓಡಿಸುವ ಅಣ್ಣಂದಿರಲ್ಲಿ ನನ್ನದೊಂದು ಕೋರಿಕೆ: ಅವನು ಕಂಡರೆ ಹಾರನ್ ಹೊಡೆದು ಅಂಚಿನ ಜಲ್ಲಿಗೆ ಇಳಿಸಬೇಡಿ. ಒಂದು ಮಾರು ಜಾಗ ಬಿಟ್ಟು ಮುಂದೆ ಹೋಗಿ.