ಉಡುವುದು ಬೇರೆ, ಉಣ್ಣುವುದು ಬೇರೆ

ಬೆಳಗಾವಿಯ ಖಾಸಬಾಗ ಸೀರೆ ನೇಯುವವರ ಬಡಾವಣೆ. ಅಲ್ಲಿಯ ಓಣಿಗಳಲ್ಲಿ ಬೆಳಿಗ್ಗೆ ಮಗ್ಗದ ಸದ್ದು ಏಳುವ ಹೊತ್ತಿಗೆ, ಮಳೆಗಾಲದ ತೇವ ಹಿಡಿದ ಗೋಡೆಯ ಮೇಲೆ ಸುಣ್ಣದ ಚಕ್ಕೆಯಂಥದ್ದೊಂದು ಅಂಟಿಕೊಂಡಿರುತ್ತದೆ. ಕಸಬರಿಗೆ ಎತ್ತಿದರೆ ಚಕ್ಕೆ ನಡೆಯತೊಡಗುತ್ತದೆ!

ಅದು ಫೆರಿಯೋಸಿಕಾ ಎಂಬ ಕುಲದ ಪತಂಗದ ಮರಿಹುಳು. ಕುಂಬಳಬೀಜದ ಆಕಾರದ ಬೂದು ಚೀಲ, ಉದ್ದ 8ರಿಂದ 14 ಮಿಲಿಮೀಟರ್. ಹುಳು ತನ್ನ ಬಾಯಿಂದಲೇ ರೇಷ್ಮೆಯ ಎಳೆ ತೆಗೆದು, ಅದಕ್ಕೆ ಮರಳಿನ ಕಣ, ಧೂಳು, ದಾರದ ಚೂರು ಅಂಟಿಸಿ ಚೀಲ ಕಟ್ಟುತ್ತದೆ. ಮೈ ಬೆಳೆದಂತೆ ಅದನ್ನು ಹಿಗ್ಗಿಸುತ್ತದೆ. ಚೀಲಕ್ಕೆ ಎರಡೂ ತುದಿಯಲ್ಲಿ ಬಾಯಿ. ಒಳಗೇ ಹೊರಳಿ, ಬೇಕಾದ ಕಡೆಯಿಂದ ತಲೆ ಹೊರಹಾಕುತ್ತದೆ. ಕೊನೆಗೆ ಕೋಶವಾಗುವುದೂ ಅದರೊಳಗೇ.

ಚೀಲ ಹೊರುವ ಹುಳುಗಳು ಗಿಡಮರಗಳಲ್ಲೂ ಇವೆ. ಅವುಗಳಲ್ಲಿ ಹಲವು ತಾವು ತಿನ್ನುವ ಗಿಡವನ್ನೇ ತೊಡುತ್ತವೆ. ಜಾಲಿಮರದ ಚೀಲಹುಳು ಆ ಮರದ ಎಲೆ ತಿಂದು, ಒಣಕಡ್ಡಿಗಳನ್ನು ಉದ್ದಕ್ಕೆ ಜೋಡಿಸಿ ಕಟ್ಟಿಗೆ ಹೊರೆಯಂಥ ಚೀಲದಲ್ಲಿ ನೇತಾಡುತ್ತದೆ. ಯುರೋಪಿನ ಲಾರ್ಚ್ ಮರದ ಕೋಲಿಯೋಫೋರಾ ಹುಳು ಸೂಜಿಯಂಥ ಎಲೆಯ ತಿರುಳು ತಿಂದು, ಉಳಿದ ಟೊಳ್ಳನ್ನೇ ಅಂಗಿ ಮಾಡಿಕೊಳ್ಳುತ್ತದೆ. ಅದೇ ಕುಲದ ಬೇರೆ ಹುಳುಗಳಿಗೆ ಬೇರೆ ಗಿಡ, ಬೇರೆ ಅಂಗಿ.

ಗೋಡೆಯ ಹುಳುವಿಗೆ ಮಾತ್ರ ಯಾವ ಗಿಡದ ಹಂಗೂ ಇಲ್ಲ. ಮೂಲೆಯಲ್ಲಿ ಜೋತುಬಿದ್ದ ಹಳೆಯ ಜೇಡರ ಬಲೆ, ಉದುರಿದ ಕೂದಲು, ಸತ್ತ ಕೀಟ, ಉಣ್ಣೆ — ಇದೇ ಅದರ ಊಟ. ಸಾಕಿ ನೋಡಿದವರು ಹತ್ತಿ ಬಟ್ಟೆ ಇಟ್ಟರೆ ಅದು ತಿನ್ನಲಿಲ್ಲ. ನೇಕಾರರ ಮನೆಯಲ್ಲಿ ಮಗ್ಗದಿಂದ ಉದುರಿದ ಬಣ್ಣದ ಎಳೆ ಅದರ ಚೀಲಕ್ಕೆ ಸೇರೀತು, ಹೊಟ್ಟೆಗೆ ಸೇರದು. ಹತ್ತಿಯ ಸೀರೆಗೆ ಅದರ ಭಯವಿಲ್ಲ. ಭಯ ಇರುವುದು ಪೆಟ್ಟಿಗೆಯಲ್ಲಿ ಮಡಿಚಿಟ್ಟ ಕಂಬಳಿಗೆ.

ಹಾಗಿದ್ದೂ ಗೋಡೆಯಲ್ಲಿ ಅದನ್ನು ಕಂಡ ಕೂಡಲೇ ಅನೇಕರ ಕೈ ಔಷಧಿಯ ಡಬ್ಬಿಗೆ ಹೋಗುತ್ತದೆ. ಅಷ್ಟು ಬೇಕಿಲ್ಲ. ಒಣ ಹವೆಯಲ್ಲಿ ಅದು ಬೆಳೆಯಲಾರದು. ಕಿಟಕಿ ತೆರೆದು, ಬಲೆ ಹೊಡೆದು, ಕಂಬಳಿಗೆ ಬಿಸಿಲು ತೋರಿಸಿದ ಮನೆಯಲ್ಲಿ ಈ ಹುಳುವಿಗೆ ಊಟ ಹುಟ್ಟುವುದಿಲ್ಲ.