ಭೂಗೋಳದ ಮೊದಲ ಪಾಠ

ಭೂಮಿ ದುಂಡಗಿದೆ ಎಂಬ ವಾಕ್ಯದಿಂದ ಭೂಗೋಳದ ಪಾಠವನ್ನು ಆರಂಭಿಸುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ವಾಕ್ಯವೇನೋ ನಿಜವಾದದ್ದೇ. ಆದರೆ ಎಂಟು ವರ್ಷದ ಮಗುವಿಗೆ ಅದು ನಿಜವೆಂದು ತಿಳಿಯುವ ಬಗೆ ಯಾವುದು? ಬೈಲಹೊಂಗಲದ ಎರೆಹೊಲದಲ್ಲಿ ನಿಂತು ನೋಡಿದರೆ ಭೂಮಿ ರೊಟ್ಟಿಯ ಹಂಚಿನಂತೆ ಚಪ್ಪಟೆಯಾಗಿಯೇ ಕಾಣುತ್ತದೆ. ಮಗು ತನ್ನ ಕಣ್ಣನ್ನು ನಂಬಬೇಕೋ, ಗುರುಗಳನ್ನು ನಂಬಬೇಕೋ? ಗುರುಗಳ ಕೈಯಲ್ಲಿ ಬೆತ್ತವಿದ್ದ ಕಾಲದಲ್ಲಿ ಈ ಪ್ರಶ್ನೆ ಏಳುತ್ತಿರಲಿಲ್ಲ. ಮಗು ಕಣ್ಣನ್ನು ಬಿಟ್ಟುಕೊಡುತ್ತಿತ್ತು. ಅಂದಿನಿಂದಲೇ ಭೂಗೋಳವು ಕಣ್ಣಿಗೆ ಸಂಬಂಧಪಡದ, ಬಾಯಿಗೆ ಮಾತ್ರ ಸೇರಿದ ವಿಷಯವಾಗಿಬಿಡುತ್ತಿತ್ತು.

ನಾನು ಮಲಪ್ರಭೆಯ ಸೀಮೆಯವನು; ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ನಡುವೆ ಮಕ್ಕಳಿಗೆ ಪಾಠ ಹೇಳುತ್ತ ಬಹಳ ವರ್ಷ ಕಳೆದವನು. ಕಡಲು, ಹಿಮ, ಜ್ವಾಲಾಮುಖಿಯಂಥ ಕೆಲವನ್ನು ಬಿಟ್ಟರೆ ಭೂಗೋಳದ ಮೂಲ ಕಲ್ಪನೆಗಳಲ್ಲಿ ಈ ನಾಲ್ಕು ತಾಲೂಕುಗಳಲ್ಲಿ ಸಿಗದಿರುವುದು ಹೆಚ್ಚೇನೂ ಇಲ್ಲ ಎಂಬುದು ನನ್ನ ಅನುಭವ.

ಹತ್ತಿರದಿಂದ ದೂರಕ್ಕೆ ಹೋಗಬೇಕೆಂಬುದು ಹೊಸ ಮಾತಲ್ಲ. ಮುಂಬಯಿ ಪ್ರಾಂತದ ಕಾಲದ ಕನ್ನಡ ಸಾಲೆಗಳಲ್ಲಿಯೂ ಮೊದಲು ಜಿಲ್ಲೆಯ ಭೂಗೋಳ, ಆಮೇಲೆ ಪ್ರಾಂತದ್ದು, ಆಮೇಲೆ ಹಿಂದುಸ್ಥಾನದ್ದು ಎಂಬ ಕ್ರಮವಿತ್ತು. ಕ್ರಮ ಒಳ್ಳೆಯದೇ, ಆದರೆ ತಾಲೂಕುಗಳ ಯಾದಿಯನ್ನು ಮಗ್ಗಿಯಂತೆ ಒಪ್ಪಿಸುವುದರಲ್ಲಿ ಅದು ಮುಗಿದುಹೋಗುತ್ತಿತ್ತು. ಆ ಯಾದಿಯಲ್ಲಿ ಬೈಲಹೊಂಗಲವೂ ಇರಲಿಲ್ಲ, ಸವದತ್ತಿಯೂ ಇರಲಿಲ್ಲ. ಬೈಲಹೊಂಗಲದಲ್ಲಿ ಕಚೇರಿಯಿದ್ದ ತಾಲೂಕಿಗೆ ಸಂಪಗಾಂವಿಯ ಹೆಸರು; ಸವದತ್ತಿಯ ತಾಲೂಕಿಗೆ ಪರಸಗಡದ ಹೆಸರು. ರಾಮದುರ್ಗವಂತೂ ಭಾವೆ ಮನೆತನದ ಸಂಸ್ಥಾನ. 1948ರಲ್ಲಿ ವಿಲೀನವಾಗುವವರೆಗೆ ನಕಾಶೆಯಲ್ಲಿ ಅದರ ಬಣ್ಣವೇ ಬೇರೆ. ಕಿತ್ತೂರು ಬೈಲಹೊಂಗಲದಿಂದ ಬೇರೆಯಾಗಿ ತಾಲೂಕಾದದ್ದು ತೀರ ಈಚೆಗೆ. ಇವನ್ನೆಲ್ಲ ಮಕ್ಕಳ ಮುಂದಿಟ್ಟು, ಹೊಳೆ ಯಾವ ಊರಿನಲ್ಲಿಯಾದರೂ ತನ್ನ ಹೆಸರನ್ನು ಬದಲಿಸಿತೇ ಎಂದು ಕೇಳಬೇಕು. ನಿಸರ್ಗ ಎಳೆದ ಗೆರೆ ಯಾವುದು, ಮನುಷ್ಯ ಎಳೆದ ಗೆರೆ ಯಾವುದು ಎಂಬುದು ಅಲ್ಲಿಗೆ ತಿಳಿಯುತ್ತದೆ.

ಕಿತ್ತೂರಿನಿಂದ ರಾಮದುರ್ಗಕ್ಕೆ ಹದ್ದು ಹಾರುವ ದಾರಿಯಲ್ಲಿ ಅಳೆದರೆ 70 ಕಿಲೋಮೀಟರು ಮೀರದು. ಈ ಪಯಣದಲ್ಲಿ ಮಕ್ಕಳು ಪುಸ್ತಕ ತೆರೆಯಬೇಕಾದ ಅಗತ್ಯವಿಲ್ಲ. ಮನೆಗಳ ಮಾಡನ್ನು ನೋಡಿದರೆ ಸಾಕು. ಕಿತ್ತೂರಿನ ಕಡೆಯ ಹಳೆಯ ಮನೆಗಳಿಗೆ ಇಳಿಜಾರಿನ ಹಂಚು, ಗದ್ದೆಗಳಲ್ಲಿ ಭತ್ತ. ಬೈಲಹೊಂಗಲವನ್ನು ದಾಟಿ ಮೂಡಲಿಗೆ ಸಾಗಿದಂತೆ ಹಂಚು ವಿರಳವಾಗಿ, ಮಣ್ಣಿನ ಮಾಳಿಗೆ ಕಾಣಿಸಿಕೊಳ್ಳುತ್ತದೆ. ಭತ್ತದ ಸ್ಥಳದಲ್ಲಿ ಹತ್ತಿ, ಜೋಳ. ರಾಮದುರ್ಗದ ಸುತ್ತ ಸಜ್ಜೆಯೂ ಉಂಟು. ಮಣ್ಣಿನ ಮಾಳಿಗೆ ಕಟ್ಟುವ ಧೈರ್ಯ ಮಳೆ ಕಡಿಮೆಯಿದ್ದಲ್ಲಿ ಮಾತ್ರ ಬರುತ್ತದೆ ಎಂಬುದನ್ನು ಮಕ್ಕಳು ತಾವಾಗಿಯೇ ಹೇಳುತ್ತಾರೆ. ಸಿಮೆಂಟಿನ ಸ್ಲ್ಯಾಬು ಎಲ್ಲೆಡೆ ಬಂದು ಈ ಪಾಠದ ಅಕ್ಷರಗಳನ್ನು ಒಂದೊಂದಾಗಿ ಅಳಿಸುತ್ತಿದೆ, ಇದ್ದಾಗಲೇ ಓದಿಸಬೇಕು.

ಇಷ್ಟು ಕಂಡ ಮೇಲೆ ಕಾರಣವನ್ನು ಹೇಳಬಹುದು. ಅರಬ್ಬೀ ಸಮುದ್ರದಿಂದ ಬಂದ ಗಾಳಿ ಘಟ್ಟವನ್ನೇರುವಾಗ ತಂಪಾಗಿ, ತಾನು ಹೊತ್ತ ನೀರಿನ ಬಹುಪಾಲನ್ನು ಅಲ್ಲಿಯೇ ಸುರಿಯುತ್ತದೆ. ಬೀಗರ ಊರಿಗೆ ಬುತ್ತಿ ಹೊತ್ತವನು ಮುಕ್ಕಾಲು ಪಾಲನ್ನು ದಾರಿಯಲ್ಲಿಯೇ ಉಂಡಂತೆ! ರಾಮದುರ್ಗಕ್ಕೆ ಮುಟ್ಟುವುದು ಉಳಿದ ಕಾಲು ಪಾಲು. ಮಳೆನೆರಳೆಂಬ ಮಾತನ್ನು ಈಗ ಕಲಿಸಿದರೆ ಅದು ಮರೆತುಹೋಗುವುದಿಲ್ಲ. ಮಣ್ಣಿನ ಸಂಗತಿಯೂ ಹೀಗೆಯೇ. ಎರೆಗೂ ಮಸಾರಿಗೂ ಇರುವ ಭೇದವನ್ನು ರೈತರ ಮಕ್ಕಳಿಗೆ ಯಾರೂ ಹೇಳಬೇಕಾದುದಿಲ್ಲ. ಮಳೆಯಾದ ಮರುದಿನ ಚಪ್ಪಲಿಗೆ ಅಂಟಿಕೊಂಡು ಬರುವುದು ಯಾವುದೆಂದು ಅವರು ಬಲ್ಲರು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿದು, ಮಳೆಗೆ ಉಬ್ಬಿ ಮುಚ್ಚಿಕೊಳ್ಳುವ ಆ ಎರೆ ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುವುದರಿಂದಲೇ ಹಿಂಗಾರಿ ಜೋಳ ಮಳೆಯಿಲ್ಲದ ದಿನಗಳಲ್ಲಿಯೂ ತೆನೆ ಕಟ್ಟುತ್ತದೆ.

ಇನ್ನು ಆಕಾಶ. ಈ ನಾಲ್ಕೂ ಊರುಗಳು 15½ ಮತ್ತು 16 ಡಿಗ್ರಿ ಉತ್ತರ ಅಕ್ಷಾಂಶಗಳ ನಡುವೆ ಇವೆ. ಆದುದರಿಂದ ವರ್ಷದಲ್ಲಿ ಎರಡು ಬಾರಿ, ಮೇ ತಿಂಗಳ ಮೊದಲ ವಾರದಲ್ಲೊಮ್ಮೆ, ಆಗಸ್ಟಿನ ಎರಡನೆಯ ವಾರದ ಸುಮಾರಿಗೆ ಇನ್ನೊಮ್ಮೆ, ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅದರ ಬುಡದಲ್ಲಿಯೇ ಅಡಗುತ್ತದೆ. ಮೇ ತಿಂಗಳಲ್ಲಿ ಸಾಲೆಗೆ ಸೂಟಿ, ಆಗಸ್ಟಿನಲ್ಲಿ ಸೂರ್ಯನಿಗೆ ಮೋಡ. ಆದರೂ ಬೇಸಿಗೆಯ ಸೂಟಿಯಲ್ಲಿ ಮನೆಯಂಗಳದಲ್ಲಿ ಒಂದು ಕೋಲು ನೆಡುವುದಕ್ಕೆ ಯಾವ ಶಿಕ್ಷಣ ಇಲಾಖೆಯ ಅಪ್ಪಣೆಯೂ ಬೇಕಿಲ್ಲ. ಹಾಗೆ ನೆಟ್ಟ ಮಗುವಿಗೆ ಇನ್ನೊಂದು ಬೆರಗು ಕಾದಿರುತ್ತದೆ. ಗಡಿಯಾರ ಹನ್ನೆರಡು ಹೊಡೆದಾಗ ನೆರಳು ಇನ್ನೂ ಪಡುವಣಕ್ಕೆ ಚಾಚಿಯೇ ಇರುತ್ತದೆ. ಅದು ಅಡಗುವುದು ಸುಮಾರು ಅರ್ಧ ತಾಸು ತಡವಾಗಿ. ನಮ್ಮ ಗಡಿಯಾರ ನಡೆಯುವುದು 82½ ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ನಾವಿರುವುದು 75ರ ಆಸುಪಾಸಿನಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಮಗುವೇ ಗುಣಿಸಲಿ. ಭೂಮಿ ದುಂಡಗಿದೆ, ತಿರುಗುತ್ತಿದೆ ಎಂಬ ವಾಕ್ಯಗಳನ್ನು ಇದಾದ ಮೇಲೆ ಹೇಳಿದರೆ ತಡವಾಯಿತೆನ್ನುವಂತಿಲ್ಲ.

ಎಲ್ಲಕ್ಕಿಂತ ದೊಡ್ಡ ಪಾಠವೆಂದರೆ ಹೊಳೆಯದು. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಪಡುವಣ ಕಡಲು ಅಲ್ಲಿಂದ ಹೆಚ್ಚು ದೂರವಿಲ್ಲ. ಆದರೂ ಹೊಳೆ ಅದಕ್ಕೆ ಬೆನ್ನು ತಿರುಗಿಸಿ ಮೂಡಲಿಗೆ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ, ಬಂಗಾಳ ಉಪಸಾಗರಕ್ಕೆ ಹೋಗುತ್ತದೆ. ಅದೇ ಕಣಕುಂಬಿಯ ಮಗ್ಗುಲಿನ ಕಳಸಾ ನಾಲೆಯಾದರೋ ಮಹದಾಯಿಯ ಮೂಲಕ ಗೋವೆಯ ಕಡೆಗೆ ಇಳಿಯುವಂಥದು. ಹಂಚಿನ ಮಾಡಿನ ನೆತ್ತಿಯ ಮೇಲೆ ಬಿದ್ದ ಹನಿ ಇತ್ತ ಜಾರಿದರೆ ಅಂಗಳಕ್ಕೆ, ಅತ್ತ ಜಾರಿದರೆ ಹಿತ್ತಿಲಿಗೆ, ಜಲವಿಭಾಜಕವೆಂದರೆ ಇಷ್ಟೆ. ಆ ನೆತ್ತಿಯ ನೀರಿಗಾಗಿ ಎರಡು ರಾಜ್ಯಗಳು ವರ್ಷಗಟ್ಟಲೆ ವಾದಿಸಿ, ನ್ಯಾಯಾಧಿಕರಣ 2018ರಲ್ಲಿ ತೀರ್ಪು ಕೊಟ್ಟಿತು. ಚಳವಳಿಯ ಮೆರವಣಿಗೆಯಲ್ಲಿ ಘೋಷಣೆ ಕೂಗಿದ ಹುಡುಗರನ್ನು ನಿಲ್ಲಿಸಿ, ಕಳಸಾ ಯಾವ ದಿಕ್ಕಿಗೆ ಹರಿಯುತ್ತದೆಂದು ನಾನು ಕೇಳಿದ್ದುಂಟು. ಉತ್ತರ ಬಂದದ್ದು ಕಡಿಮೆ.

ಸವದತ್ತಿಯ ಬಳಿ ಹೊಳೆಗೆ ಗುಡ್ಡದ ಸಾಲು ಅಡ್ಡ ಬರುತ್ತದೆ. ಆ ಗುಡ್ಡವನ್ನು ಸೀಳಿಕೊಂಡು ಅದು ಹೊರಬಿದ್ದ ಕಿರಿದಾದ ಕಣಿವೆಯೇ ನವಿಲುತೀರ್ಥ. ಅಣೆಕಟ್ಟು ಕಟ್ಟಿದವರು ಈ ಸ್ಥಳವನ್ನು ಆರಿಸಿದ್ದೇಕೆಂದು ಮಕ್ಕಳು ಅಲ್ಲಿಯೇ ನಿಂತು ಯೋಚಿಸಬೇಕು. ಗೋಡೆಯ ಉದ್ದ ಸುಮಾರು 155 ಮೀಟರು. ಅದರ ಹಿಂದೆ ನಿಲ್ಲುವ ನೀರು ಸುಮಾರು 37 ಟಿ.ಎಂ.ಸಿ. ಗೋಡೆಯ ಉಳಿದ ಕೆಲಸವನ್ನೆಲ್ಲ ಗುಡ್ಡ ಮೊದಲೇ ಮಾಡಿಟ್ಟಿತ್ತು.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದೊಳಗೆ ಬಂತು. ಹೊಳೆದಂಡೆಯ ಹಳ್ಳಿಗಳ ಮನೆಗಳು ಬಿದ್ದವು. ಬರದ ಸೀಮೆಯೆಂದೇ ಹೆಸರಾದ ನಮ್ಮೂರಿಗೆ ಇಷ್ಟು ನೀರು ಎಲ್ಲಿಂದ ಬಂತೆಂಬ ಮಕ್ಕಳ ಪ್ರಶ್ನೆಗೆ ಉತ್ತರ ಅವರ ಊರಿನ ಮಳೆಯಲ್ಲಿರಲಿಲ್ಲ. ಘಟ್ಟದಲ್ಲಿತ್ತು, ತುಂಬಿದ ಜಲಾಶಯದಲ್ಲಿತ್ತು.

ಸ್ವಿತ್ಜರ್ಲೆಂಡಿನ ಇವರ್ಡನ್ ಎಂಬ ಊರಿನಲ್ಲಿ ಪೆಸ್ಟಾಲೊಜ್ಜಿಯ ಶಾಲೆಯ ಮಕ್ಕಳು ಸಮೀಪದ ಕಣಿವೆಯಲ್ಲಿ ಅಡ್ಡಾಡಿ ಬಂದು, ಅಲ್ಲಿಂದಲೇ ತಂದ ಜೇಡಿಯಿಂದ ಆ ಕಣಿವೆಯನ್ನು ಮೇಜಿನ ಮೇಲೆ ಮಾಡುತ್ತಿದ್ದರಂತೆ. ನಕಾಶೆ ಅವರ ಕೈಗೆ ಬರುತ್ತಿದ್ದುದು ಆಮೇಲೆ. ನಮ್ಮ ಮಕ್ಕಳಿಗೆ ಈ ವಿದ್ಯೆಯನ್ನು ಕಲಿಸಬೇಕೇ? ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳನ್ನು ಮಾಡುವ ಕೈಗಳು ಅವು. ಅದೇ ಎರೆಮಣ್ಣು ಉಳಿದಿರುವಾಗಲೇ ಸಾಲೆಯ ಅಂಗಳದಲ್ಲಿ ಪಡುವಣಕ್ಕೆ ಎತ್ತರವಾಗಿ ಘಟ್ಟವನ್ನು ಕಟ್ಟಿಸಬೇಕು. ನವಿಲುತೀರ್ಥದ ಸೀಳಿಗೆ ಒಡೆದ ಪಾಟಿಯ ಚೂರು. ಅದರ ಕೆಳಗೆ ರಾಮದುರ್ಗಕ್ಕೆ ಒಂದು ಕಡ್ಡಿಪೆಟ್ಟಿಗೆ. ಬಳಿಕ ಕಣಕುಂಬಿಯಲ್ಲಿ ಒಂದು ತಂಬಿಗೆ ನೀರನ್ನು ಮೆಲ್ಲಗೆ ಹೊಯ್ಯಬೇಕು, ಎರಡನೆಯ ತಂಬಿಗೆಯನ್ನು ತುಸು ಅವಸರದಿಂದ. ಪಾಟಿಯನ್ನು ಯಾವಾಗ ಎತ್ತಬೇಕು, ಎಷ್ಟು ಎತ್ತಬೇಕು, ಕಡ್ಡಿಪೆಟ್ಟಿಗೆಯನ್ನು ಎಲ್ಲಿಗೆ ಸರಿಸಬೇಕು ಎಂದು ಮಕ್ಕಳು ಜಗಳಕ್ಕೆ ನಿಲ್ಲುತ್ತಾರೆ. ಆ ಜಗಳವನ್ನು ಗುರುಗಳು ಬಿಡಿಸಕೂಡದು.