ಹರಿದ ಮೊಣಕಾಲಿನಿಂದಾಚೆಗೆ

ಲೇಖನಿಯನ್ನೇ ನೆಚ್ಚಿ ಬದುಕಿದ ನನ್ನಂಥವನು ಕಾಲ್ಚೆಂಡಾಟದ ವಿಷಯವನ್ನೆತ್ತಿಕೊಂಡು ನಿಮ್ಮ ಮುಂದೆ ಬಂದಿರುವುದು ಕೆಲವರಿಗಾದರೂ ಸೋಜಿಗವೆನಿಸೀತು. ಆಟದ ಒಳಗುಟ್ಟುಗಳನ್ನು ಬಲ್ಲವನೆಂದು ನಾನು ಹೇಳಿಕೊಳ್ಳಲಾರೆ. ಆದರೆ, ಒಲಿದು ಬಂದ ವಿದ್ಯೆ ತುಂಬು ಹರೆಯದಲ್ಲಿಯೇ ಕೈಬಿಟ್ಟುಹೋದರೆ ಮನುಷ್ಯ ಮುಂದೆ ಏನು ಮಾಡುತ್ತಾನೆ ಎಂಬ ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡಿದೆ. ಕಂಠ ಒಡೆದ ಗಾಯಕರ, ದೃಷ್ಟಿ ಮಂದವಾದ ಚಿತ್ರಕಾರರ ಕಥೆಗಳನ್ನು ನಾವು ಕೇಳಿದ್ದೇವೆ. ಇಂಗ್ಲೆಂಡಿನ ಬ್ರಯನ್ ಕ್ಲಫ್‌ನ ಕಥೆಯೂ ಆ ಜಾತಿಯದೇ.

ಆತ ಹುಟ್ಟಿದ್ದು 1935ರಲ್ಲಿ, ಈಶಾನ್ಯ ಇಂಗ್ಲೆಂಡಿನ ಮಿಡಲ್ಸ್‌ಬರೋದಲ್ಲಿ. ಅದು ಉಕ್ಕಿನ ಕಾರ್ಖಾನೆಗಳ ಊರು. ತಂದೆ ಮಿಠಾಯಿ ಕಾರ್ಖಾನೆಯ ಕೆಲಸಗಾರ. ಮನೆ ತುಂಬ ಮಕ್ಕಳು. ಹನ್ನೊಂದನೆಯ ವಯಸ್ಸಿನಲ್ಲಿ ಆ ದೇಶದ ಹುಡುಗರು ಬರೆಯಬೇಕಾಗಿದ್ದ ಪರೀಕ್ಷೆಯಲ್ಲಿ ಈತ ನಪಾಸಾದ. ಚೆಂಡು ಮಾತ್ರ ಅವನ ಮಾತು ಕೇಳುತ್ತಿತ್ತು. ತನ್ನೂರಿನ ತಂಡಕ್ಕಾಗಿ 213 ಲೀಗ್ ಪಂದ್ಯಗಳಲ್ಲಿ 197 ಗೋಲು, 1961ರಲ್ಲಿ ಸಂಡರ್‌ಲ್ಯಾಂಡ್ ತಂಡಕ್ಕೆ ಹೋದ ಮೇಲೆ 61 ಪಂದ್ಯಗಳಲ್ಲಿ 54 ಗೋಲು. ಇಷ್ಟಾದರೂ ದೇಶದ ಪರವಾಗಿ ಆಡುವ ಅವಕಾಶ ದೊರೆತದ್ದು ಎರಡೇ ಬಾರಿ, 1959ರಲ್ಲಿ.

1962ರ ಡಿಸೆಂಬರ್ 26. ಕ್ರಿಸ್‌ಮಸ್ಸಿನ ಮರುದಿನ, ಚಳಿಗೆ ಗಟ್ಟಿಯಾದ ನೆಲ. ಬರಿ ತಂಡದೊಡನೆ ಆಡುತ್ತಿದ್ದಾಗ ಚೆಂಡಿನ ಬೆನ್ನುಹತ್ತಿ ಓಡಿದ ಕ್ಲಫ್ ಎದುರಾಳಿಯ ಗೋಲ್‌ಕೀಪರಿಗೆ ಡಿಕ್ಕಿ ಹೊಡೆದು ಬಿದ್ದ. ಮೊಣಕಾಲಿನೊಳಗಿನ ಅಸ್ಥಿರಜ್ಜು ಹರಿದುಹೋಗಿತ್ತು. ಇಂದು ಆ ಗಾಯದಿಂದ ಚೇತರಿಸಿಕೊಂಡು ಮತ್ತೆ ಆಡುವವರು ಎಷ್ಟೋ ಮಂದಿ. ಆ ಕಾಲದಲ್ಲಿ ಅದು ಆಟಗಾರನ ಪಾಲಿಗೆ ಮರಣಪತ್ರವೇ. 1964ರಲ್ಲಿ ಮೂರು ಪಂದ್ಯಗಳನ್ನಾಡಿ, ಒಂದು ಗೋಲನ್ನೂ ಹೊಡೆದು, ಇನ್ನು ಆಗದೆಂದು ಒಪ್ಪಿಕೊಂಡ. ಆಗ ಆತನಿಗೆ 29 ವರ್ಷ.

ಮಾರನೆಯ ವರ್ಷ ನಾಲ್ಕನೆಯ ವಿಭಾಗದ ತಳದಲ್ಲಿ ತೆವಳುತ್ತಿದ್ದ ಹಾರ್ಟಲ್‌ಪೂಲ್ಸ್ ತಂಡ ಆತನನ್ನು ಮ್ಯಾನೇಜರನನ್ನಾಗಿ ಕರೆಯಿತು. ಮ್ಯಾನೇಜರ್ ಎಂದೊಡನೆ ನಮ್ಮ ಬ್ಯಾಂಕಿನ ಮ್ಯಾನೇಜರರನ್ನು ನೆನೆಯಬಾರದು. ಅಲ್ಲಿ ಆಟಗಾರರನ್ನು ಕೊಳ್ಳುವವನು, ಮಾರುವವನು, ಆರಿಸುವವನು, ಗದರಿಸುವವನು ಎಲ್ಲ ಅವನೇ. ಕ್ಲಫ್ ತನ್ನ ಜೊತೆಗೆ ಪೀಟರ್ ಟೇಲರನನ್ನು ಕರೆದುಕೊಂಡ. ಮಿಡಲ್ಸ್‌ಬರೋದಲ್ಲಿ ಜೊತೆಯಲ್ಲಾಡಿದ ಗೋಲ್‌ಕೀಪರ್ ಈತ. ಕಣ್ಣು ಟೇಲರನದು, ನಾಲಗೆ ಕ್ಲಫ್‌ನದು: ಯಾವ ಹುಡುಗನಲ್ಲಿ ಏನು ಅಡಗಿದೆಯೆಂದು ಒಬ್ಬ ಕಂಡುಹಿಡಿದರೆ, ಅದನ್ನು ಹೊರಕ್ಕೆಳೆಯುವವನು ಇನ್ನೊಬ್ಬ.

1967ರಲ್ಲಿ ಇಬ್ಬರೂ ಡರ್ಬಿ ಕೌಂಟಿಗೆ ಬಂದರು. ಎರಡನೆಯ ವಿಭಾಗದಲ್ಲಿದ್ದ ತಂಡ 1972ರಲ್ಲಿ ಇಡೀ ಇಂಗ್ಲೆಂಡಿನ ಚಾಂಪಿಯನ್ ಆಯಿತು. ಗೆಲುವು ಖಚಿತವಾದ ದಿನ ಆಟಗಾರರು ಟೇಲರನೊಡನೆ ಮಯೋರ್ಕ ದ್ವೀಪದಲ್ಲಿ ರಜೆಯಲ್ಲಿದ್ದರು. ಕ್ಲಫ್ ಮತ್ತೊಂದು ದ್ವೀಪದಲ್ಲಿ. ತಮ್ಮ ಪಂದ್ಯಗಳನ್ನು ಮುಗಿಸಿ, ಎದುರಾಳಿಗಳು ಎಡವುವುದನ್ನು ದೂರದಿಂದಲೇ ಕೇಳಿದರು. ಆದರೆ 1973ರ ಅಕ್ಟೋಬರಿನಲ್ಲಿ ಆಡಳಿತ ಮಂಡಳಿಯೊಡನೆ ಜಗಳವಾಡಿ ಇಬ್ಬರೂ ಹೊರಬಿದ್ದರು. ಮುಂದಿನ ವರ್ಷ ಕ್ಲಫ್ ಒಬ್ಬನೇ ಲೀಡ್ಸ್ ತಂಡಕ್ಕೆ ಹೋಗಿ, ಪದಕಗಳನ್ನೆಲ್ಲ ಕಸದ ಬುಟ್ಟಿಗೆಸೆಯಿರಿ, ಅವು ಮೋಸದಿಂದ ಗಳಿಸಿದವು ಎಂದು ಅಲ್ಲಿನ ಆಟಗಾರರ ಮುಖಕ್ಕೇ ಹೇಳಿದ. 44 ದಿನಗಳಲ್ಲಿ ಕೆಲಸ ಹೋಯಿತು. ಟೇಲರ್ ಪಕ್ಕದಲ್ಲಿದ್ದಿದ್ದರೆ ಆ ಮಾತು ಅಷ್ಟು ಒರಟಾಗಿ ಹೊರಬೀಳುತ್ತಿತ್ತೇ?

1975ರ ಜನವರಿಯಲ್ಲಿ ಕ್ಲಫ್ ನಾಟಿಂಗ್‌ಹ್ಯಾಂ ಫಾರೆಸ್ಟ್ ಸೇರಿದ. ಮರುವರ್ಷ ಟೇಲರನೂ ಬಂದ. ಅಲ್ಲಿ ಜಾನ್ ರಾಬರ್ಟ್‌ಸನ್ ಎಂಬ ಸ್ಕಾಟ್ಲೆಂಡಿನ ಹುಡುಗನಿದ್ದ. ಮೈಭಾರ, ಸಿಗರೇಟಿನ ಚಟ, ಓಟದಲ್ಲಿ ಮಂದ. ಅಂಥವನನ್ನು ಎಡ ಅಂಚಿನಲ್ಲಿ ನಿಲ್ಲಿಸಿ, ಚೆಂಡನ್ನು ಅವನಿಗೆ ಕೊಡಿ ಎಂಬುದನ್ನೇ ತಂಡದ ಮೂಲಮಂತ್ರವಾಗಿಸಿದರು. ಕ್ಲಫ್‌ನ ಬೋಧನೆಯಲ್ಲಿ ಗಹನವಾದುದೇನೂ ಇರಲಿಲ್ಲ: ಚೆಂಡನ್ನು ನೆಲದ ಮೇಲಿಡಿ, ನಮ್ಮವನಿಗೆ ಕೊಡಿ, ರೆಫರಿಯೊಡನೆ ವಾದಿಸಬೇಡಿ. 1979ರ ಲೀಗ್ ಕಪ್ ಫೈನಲಿನ ಹಿಂದಿನ ರಾತ್ರಿ ಆಟಗಾರರನ್ನು ಮಲಗಗೊಡದೆ ಷಾಂಪೇನ್ ಕುಡಿಸಿದರಂತೆ. ಮರುದಿನ ಗೆದ್ದರು ಕೂಡ. ನಮ್ಮ ಯಾವ ವ್ಯಾಯಾಮ ಶಿಕ್ಷಕರೂ ಇದನ್ನು ಅನುಕರಿಸದಿರಲಿ!

1977ರಲ್ಲಿ ಮೇಲಿನ ವಿಭಾಗಕ್ಕೇರಿದ ತಂಡ 1978ರಲ್ಲಿ ಚಾಂಪಿಯನ್. ಒಂದರ ಮೇಲೊಂದು 42 ಲೀಗ್ ಪಂದ್ಯಗಳಲ್ಲಿ ಸೋಲಿಲ್ಲ. 1979ರ ಯೂರೋಪಿಯನ್ ಕಪ್ ಫೈನಲ್ ಮ್ಯೂನಿಕ್ ನಗರದಲ್ಲಿ. ಆ ಗೋಲಿನ ಚಿತ್ರಿಕೆಯನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ರಾಬರ್ಟ್‌ಸನ್ ಎಡಬದಿಯಲ್ಲಿ ಇಬ್ಬರನ್ನು ದಾಟಿ ಚೆಂಡನ್ನು ಒಳಕ್ಕೆ ತೇಲಿಸುತ್ತಾನೆ. ದೂರದ ಕಂಬದ ಬಳಿ ಟ್ರೆವರ್ ಫ್ರಾನ್ಸಿಸ್ ಬಾಗಿ ತಲೆಕೊಡುತ್ತಾನೆ. ಆತ ಬ್ರಿಟನ್ನಿನ ಮೊದಲ ಹತ್ತು ಲಕ್ಷ ಪೌಂಡಿನ ಆಟಗಾರ. ಸ್ವೀಡನ್ನಿನ ಮಾಲ್ಮೋ ಸೋತಿತು. 1980ರಲ್ಲಿ ಹ್ಯಾಂಬರ್ಗ್ ತಂಡದ ಮೇಲೆ ರಾಬರ್ಟ್‌ಸನ್ನನೇ ಗೋಲು ಹೊಡೆದ. ಕಪ್ ಮತ್ತೆ ಇವರದೇ.

ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಮುಂದಿನದೇ ಮುಖ್ಯ. 1982ರಲ್ಲಿ ಟೇಲರ್ ನಿವೃತ್ತನಾದ. ಕೆಲವೇ ತಿಂಗಳಲ್ಲಿ ಡರ್ಬಿಯ ಮ್ಯಾನೇಜರನಾಗಿ ಮರಳಿದ. 1983ರಲ್ಲಿ ಅದೇ ರಾಬರ್ಟ್‌ಸನ್ನನನ್ನು, ಕ್ಲಫ್‌ಗೆ ಒಂದು ಮಾತೂ ತಿಳಿಸದೆ, ತನ್ನ ತಂಡಕ್ಕೆ ಸೆಳೆದುಕೊಂಡ. ಡರ್ಬಿಗೂ ನಾಟಿಂಗ್‌ಹ್ಯಾಮಿಗೂ ನಡುವೆ ಸುಮಾರು 15 ಮೈಲಿ. ಏಳು ವರ್ಷ ಇಬ್ಬರೂ ಆ ದೂರವನ್ನು ದಾಟಲಿಲ್ಲ. 1990ರ ಅಕ್ಟೋಬರಿನಲ್ಲಿ ಟೇಲರ್ ಮಯೋರ್ಕದಲ್ಲಿ ತೀರಿಕೊಂಡ. ಕ್ಲಫ್ ಶವಸಂಸ್ಕಾರಕ್ಕೆ ಹೋದ.

ಆಮೇಲಿನ ವರ್ಷಗಳಲ್ಲಿ ಕುಡಿತ ಹೆಚ್ಚಿತು. 1993ರಲ್ಲಿ ಫಾರೆಸ್ಟ್ ಕೆಳವಿಭಾಗಕ್ಕೆ ಬಿದ್ದಾಗ ಕ್ಲಫ್ ನಿವೃತ್ತನಾದ. 2002ರಲ್ಲಿ ಹೊರಬಂದ ಎರಡನೆಯ ಆತ್ಮಕಥೆಯನ್ನು ಟೇಲರನಿಗೆ ಅರ್ಪಿಸಿದ್ದಾನೆ. ಬದುಕಿದ್ದಾಗ ದೂರವಾಣಿಯೆತ್ತಿ ಆಡಬಹುದಾಗಿದ್ದ ಮಾತು ಅರ್ಪಣೆಯ ಪುಟವಾಯಿತು. 1994ರಲ್ಲಿ ಹೊರಬಂದ ಮೊದಲ ಆತ್ಮಕಥೆಯಲ್ಲಿ, 1989ರ ಹಿಲ್ಸ್‌ಬರೋ ದುರಂತದಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಸತ್ತವರ ಸಾವಿಗೆ ಲಿವರ್‌ಪೂಲಿನ ಅಭಿಮಾನಿಗಳೇ ಹೊಣೆಯೆಂದೂ ಬರೆದ. ಅಭಿಮಾನಿಗಳದು ತಪ್ಪಿಲ್ಲವೆಂದು 2016ರ ವಿಚಾರಣೆ ತೀರ್ಮಾನಿಸಿತು. ಮಕ್ಕಳನ್ನು ಕಳೆದುಕೊಂಡವರಿಗೆ ಆ ಬರಹ ಎಂಥ ಬರೆಯೆಳೆದಿರಬೇಕು! ಲೀಡ್ಸಿನಲ್ಲಿ ಆಡಿದ ನಾಲಗೆಯೇ ಇದು. ಆದರೆ ಇದನ್ನು ನನ್ನಿಂದ ಕ್ಷಮಿಸಲಾಗಿಲ್ಲ.

2004ರ ಸೆಪ್ಟೆಂಬರಿನಲ್ಲಿ ಕ್ಲಫ್ ತೀರಿಕೊಂಡ. ಎರಡು ಊರುಗಳ ನಡುವಿನ ಆ ಹೆದ್ದಾರಿಗೆ ಈಗ ಅವನದೇ ಹೆಸರು. ನಾಟಿಂಗ್‌ಹ್ಯಾಮಿನಲ್ಲಿರುವ ಪ್ರತಿಮೆಯಲ್ಲಿ ಕ್ಲಫ್ ಒಬ್ಬನೇ ಇದ್ದಾನೆ. 2010ರಲ್ಲಿ ಡರ್ಬಿಯ ಕ್ರೀಡಾಂಗಣದ ಹೊರಗೆ ನಿಲ್ಲಿಸಿದ ಕಂಚಿನ ಪ್ರತಿಮೆಯಲ್ಲಿ ಇಬ್ಬರಿದ್ದಾರೆ, ನಡುವೆ ಆ 1972ರ ಬಹುಮಾನವಿದೆ.